ಸೇತುವೆ ಕೆಳಗಿನ ಗೂಡುಗಳು

ಆ ಕಚೇರಿಯ ಮೂರನೆಯ ಮಹಡಿಯಲ್ಲಿ ಕೂರುವ ಹೆಂಗಸಿಗೆ ಸಂಬಳದ ಚೀಟಿಯಲ್ಲಿ ಒಂದೂವರೆ ಸಾಲಿನಷ್ಟು ಉದ್ದದ ಹುದ್ದೆಯಿತ್ತು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹುಳದಕ್ಕ ಎಂದೇ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಅವಳೇ ಒಂದು ದಿನ ಫೋನ್ ಎತ್ತಿ "ಹಲೋ, ಹುಳದಕ್ಕ ಮಾತಾಡ್ತಿರೋದು" ಅಂದುಬಿಟ್ಟ ಮೇಲೆ ಅದರ ಮೋಜೆಲ್ಲ ಹೋಗಿ ಬರೀ ಹೆಸರು ಉಳಿಯಿತು.

ಅವಳ ಕೆಲಸ ಹೊಳೆಯ ತಳದ ಹುಳ ಎಣಿಸುವುದು. ಇದನ್ನು ಕೇಳಿದವರು ಒಂದು ಗಳಿಗೆ ಅವಳ ಮುಖ ನೋಡಿ, "ಅದಕ್ಕೂ ಜನ ಇಟ್ಟಿದಾರಾ?" ಅನ್ನುತ್ತಿದ್ದರು. ಇಟ್ಟಿದ್ದರು. ನೆಲಮಹಡಿಯಲ್ಲಿ ರಾಸಾಯನಿಕ ಪರೀಕ್ಷೆಯವರು ಬಾಟಲಿಯಲ್ಲಿ ನೀರು ತಂದು ಬಣ್ಣ ಬಣ್ಣದ ಹನಿ ಹಾಕಿ ನೋಡುತ್ತಿದ್ದರು ನಿಜ. ಆದರೆ ಬಾಟಲಿ ಹೇಳುವುದು ಅದನ್ನು ಮುಳುಗಿಸಿದ ಒಂದು ನಿಮಿಷದ ಸಮಾಚಾರ. ಸೋಮವಾರ ಹೊಳೆಗೆ ವಿಷ ಬಿಟ್ಟವನು ಬುಧವಾರದ ಬಾಟಲಿಗೆ ಸಿಕ್ಕುವುದಿಲ್ಲ. ಹುಳ ಹಾಗಲ್ಲ. ಅದರದು ವರ್ಷಪೂರ್ತಿ ಕಲ್ಲಡಿಯಲ್ಲಿ ಸಂಸಾರ. ಹರಿದು ಬಂದದ್ದನ್ನೆಲ್ಲ ಮೈಮೇಲೆ ಹಾಕಿಕೊಂಡು, ತಡೆದರೆ ಇರುತ್ತದೆ, ತಡೆಯದಿದ್ದರೆ ಸಾಯುತ್ತದೆ. ಆದ್ದರಿಂದ ಯಾವ ಹುಳ ಇದೆ, ಯಾವುದು ಇಲ್ಲ ಎಂದು ನೋಡಿ ನೀರಿಗೆ ಅಂಕ ಹಾಕುವುದು. ಕೊಚ್ಚೆಯಲ್ಲೂ ಸುಖವಾಗಿರುವ ಕೆಂಪು ಹುಳಕ್ಕೆ ಎರಡು ಅಂಕ, ಜಿಗಣೆಗೆ ಮೂರು. ಚೊಕ್ಕ ನೀರಿಲ್ಲದೆ ಬದುಕಲಾರದ ಗೂಡುಹುಳಕ್ಕೆ ಹತ್ತು. ಒಂದು ಸಿಕ್ಕರೂ ಹತ್ತು, ನೂರು ಸಿಕ್ಕರೂ ಹತ್ತು.

ಗೂಡುಹುಳ ಎಂದರೆ ಅವಳಿಗೆ ಪ್ರಾಣ. ಮರಳಿನ ಕಣಗಳನ್ನು ಆರಿಸಿ ಆರಿಸಿ, ತನ್ನ ಬಾಯಿಯ ನೂಲಿನಿಂದ ಒಂದಕ್ಕೊಂದು ಅಂಟಿಸಿ, ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಕೊಳವೆ ಕಟ್ಟಿಕೊಂಡು ಒಳಗೆ ಕೂರುವ ಹುಳ. ರೆಕ್ಕೆ ಮೂಡುವವರೆಗೆ ಅದೇ ಮನೆ. "ಇಡೀ ಕಚೇರೀಲಿ ಸ್ವಂತ ಮನೆ ಕಟ್ಟಿದೋನು ಇವನೊಬ್ಬನೇ" ಎಂದು ಅವಳು ಹೇಳುತ್ತಿದ್ದಳು.

ಅವಳ ಪಟ್ಟಿಯಲ್ಲಿದ್ದ ಹತ್ತೊಂಬತ್ತು ಜಾಗಗಳಲ್ಲಿ ಗೂಡುಹುಳ ಉಳಿದದ್ದು ಒಂದೇ ಕಡೆ, ಊರಾಚೆಯ ಹಳೆಯ ಸೇತುವೆಯ ಕೆಳಗೆ. ಮಳೆ ಮುಗಿದ ಮೇಲೆ ಒಮ್ಮೆ, ಬಿಸಿಲು ಬಲಿಯುವ ಮುಂಚೆ ಒಮ್ಮೆ, ವರ್ಷಕ್ಕೆ ಎರಡು ಸಲ ಅಲ್ಲಿ ಬಲೆಯೊಡ್ಡಿ, ಬಲೆಯ ಮುಂದಿನ ಕಲ್ಲುಗಳನ್ನು ಮೂರು ನಿಮಿಷ ಕಾಲಿನಿಂದ ಕೆದಕಿ, ಬಿದ್ದದ್ದನ್ನು ತಂದು ಎಣಿಸುತ್ತಿದ್ದಳು. ಮೂರು ವರ್ಷದ ಹಿಂದೆ ಅವಳ ವರದಿಯ ಬಲದ ಮೇಲೆಯೇ ಆ ಜಾಗಕ್ಕೆ ಪ್ರಥಮ ದರ್ಜೆ ಸಿಕ್ಕಿ, ಅಲ್ಲಿ ಪಂಪು ಕೂತು, ಹೊಸ ಬಡಾವಣೆಗೆ ಕುಡಿಯುವ ನೀರು ಹೋಯಿತು. ಅವಳ ತಂಗಿ ಅದೇ ಬಡಾವಣೆಯಲ್ಲಿ ಮನೆ ಹಿಡಿಯಲೋ ಬೇಡವೋ ಎಂದು ಎರಡು ತಿಂಗಳು ತೂಗಿದಾಗ ಹುಳದಕ್ಕನೇ ಹೇಳಿದ್ದಳು: "ಬೇರೆ ಯಾವ ನೀರಿಗೂ ನಾನು ಜವಾಬ್ದಾರಿ ಹೊರಲ್ಲ. ಇದನ್ನ ನಾನೇ ನೋಡಿದೀನಿ. ಧೈರ್ಯವಾಗಿ ಕುಡೀರಿ."

ಮಂಗಳವಾರ ಬೆಳಿಗ್ಗೆ ಕೇಂದ್ರ ಕಚೇರಿಯಿಂದ ತಪಾಸಣೆಗೆ ಬಂದವಳು ಇಪ್ಪತ್ತೇಳರ ಹುಡುಗಿ. ಹತ್ತಕ್ಕೆ ಒಂದರಂತೆ ಹಳೆಯ ಸೀಸೆಗಳನ್ನು ಬಿಚ್ಚಿ, ಎಣಿಸಿದವರು ಸರಿಯಾಗಿ ಎಣಿಸಿದ್ದಾರೆಯೇ ಎಂದು ಮತ್ತೆ ನೋಡುವುದು ಅವಳ ಕೆಲಸ. ಬಂದವಳೇ ಕೈ ತೊಳೆದು, ಚೀಲದಿಂದ ತನ್ನದೇ ಚಿಮುಟ ತೆಗೆದಳು. ಹುಳದಕ್ಕನಿಗೆ ಹಿಡಿಸಿತು. ಬೇರೆಯವರ ಚಿಮುಟ ಮುಟ್ಟುವವರನ್ನು ಅವಳು ಬೇರೆಯವರ ಬ್ರಷ್‌ನಲ್ಲಿ ಹಲ್ಲುಜ್ಜುವವರ ಸಾಲಿಗೆ ಸೇರಿಸಿದ್ದಳು.

"ಅಕ್ಕ, ಸೇತುವೆದು ಕೊಡಿ. ಈ ಸಲದ್ದು."

"ಅದ್ಯಾಕೆ? ಅದು ನಮ್ಮ ಕ್ಲಾಸಿನ ಜಾಣ. ಫೇಲಾದವು ಬೇಕಾದಷ್ಟಿವೆ, ಅವನ್ನ ನೋಡು."

"ಪಟ್ಟೀಲಿ ಅದೇ ಬಂದಿದೆ."

ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಹದಿನಾಲ್ಕು ಗೂಡು. ಹುಡುಗಿ ಒಂದನ್ನು ಗಾಜಿನ ತಟ್ಟೆಗೆ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ತಳ್ಳಿ, ಬಾಯಿಯ ಕಡೆ ತಿರುಗಿಸಿ ನೋಡಿದಳು. ಬಾಲದ ಕಡೆ ತಿರುಗಿಸಿ ನೋಡಿದಳು.

"ಅಕ್ಕ, ಇದ್ರಲ್ಲಿ ಯಾರೂ ಇಲ್ಲ."

"ಒಳಗೆ ಸರಿದಿರ್ತಾನೆ. ಸ್ಪಿರಿಟ್ ಬಿದ್ದ ಕೂಡ್ಲೆ ತಲೆ ಎಳ್ಕೊಳ್ತಾನೆ."

ಹುಡುಗಿ ಸೂಜಿಯಿಂದ ಗೂಡನ್ನು ಉದ್ದಕ್ಕೆ ಸೀಳಿದಳು. ಒಳಗಿನಿಂದ ಕಪ್ಪು ಕೆಸರು ಜಾರಿ ತಟ್ಟೆಯ ಮೇಲೆ ಹರಡಿತು.

"ಒಂದೊಂದು ಹಾಗೆ ಬರತ್ತೆ" ಎಂದಳು ಹುಳದಕ್ಕ.

ಎರಡನೆಯದರಲ್ಲೂ ಕೆಸರು. ಮೂರನೆಯದರಲ್ಲೂ. ಐದನೆಯದಕ್ಕೆ ಹುಳದಕ್ಕ ಹೇಳುವುದನ್ನು ನಿಲ್ಲಿಸಿದಳು. ಹದಿನಾಲ್ಕನ್ನೂ ಸೀಳಿದ ಮೇಲೆ ತಟ್ಟೆಯಲ್ಲಿದ್ದುದು ಹದಿನಾಲ್ಕು ಮುರಿದ ಮನೆ ಮತ್ತು ಒಂದು ಚಿಟಿಕೆ ಕೊಳಕು.

ಖಾಲಿ ಗೂಡನ್ನು ಎಣಿಸಬಾರದು ಎನ್ನುವುದು ಈ ಕೆಲಸದ ಮೊದಲನೆಯ ಪಾಠ. ಹುಳ ಸತ್ತರೂ ಗೂಡು ಸಾಯುವುದಿಲ್ಲ. ತಿಂಗಳುಗಟ್ಟಲೆ ತಳದಲ್ಲಿ ಉರುಳಿ, ಮೇಲಿನಿಂದ ತೇಲಿ ಬಂದು, ಕಲ್ಲಿನ ಸಂದಿಯಲ್ಲಿ ಗುಂಪುಗೂಡುತ್ತದೆ. ಈ ಪಾಠವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಹಿಂದೆ ಹೊಳೆಯ ದಡದಲ್ಲೇ ಬಿಳಿ ತಟ್ಟೆಯಲ್ಲಿ ನೀರು ಹಾಕಿ, ಹುಳ ಜೀವಂತ ಇರುವಾಗಲೇ ಆರಿಸುತ್ತಿದ್ದರು. ಇರುವವನು ಕಾಲು ಹೊರಗೆ ಹಾಕಿ ಮನೆ ಹೊತ್ತುಕೊಂಡು ನಡೆಯುತ್ತಿದ್ದ. ಇಲ್ಲದವನು ಬಿದ್ದಲ್ಲೇ ಬಿದ್ದಿರುತ್ತಿದ್ದ. ಕುರುಡರೂ ತಪ್ಪುವಂತಿರಲಿಲ್ಲ. ಆಮೇಲೆ, ಹುಳ ಆರಿಸುವ ನೆಪದಲ್ಲಿ ಜೀಪನ್ನು ಅರ್ಧ ದಿನ ನಿಲ್ಲಿಸಿಕೊಳ್ಳುವಂತಿಲ್ಲ, ದಡದಲ್ಲಿ ಸ್ಪಿರಿಟ್ ಸುರಿದು ಕಚೇರಿಗೆ ತಂದು ಆರಿಸತಕ್ಕದ್ದು ಎಂದು ಸುತ್ತೋಲೆ ಬಂತು. ಸ್ಪಿರಿಟ್‌ನಲ್ಲಿ ಯಾರೂ ನಡೆಯುವುದಿಲ್ಲ.

ಅದಕ್ಕೂ ಅವಳು ಉಪಾಯ ಕಂಡುಕೊಂಡಿದ್ದಳು. ಚಿಮುಟದಲ್ಲಿ ಮೆಲ್ಲಗೆ ಒತ್ತಿದರೆ ಖಾಲಿ ಗೂಡು ಕುಸಿಯುತ್ತದೆ, ತುಂಬಿದ್ದು ಎದುರೊತ್ತುತ್ತದೆ. ಬಲಗಣ್ಣಿನಲ್ಲಿ ಪೊರೆ ಬಂದು, ವೈದ್ಯರು "ಇನ್ನೂ ಸ್ವಲ್ಪ ಬಲೀಲಿ, ಆಮೇಲೆ ತೆಗೆಯೋಣ" ಎಂದು ಕಳಿಸಿದ ಮೇಲೆ ಅವಳು ಸೂಕ್ಷ್ಮದರ್ಶಕಕ್ಕಿಂತ ಬೆರಳನ್ನೇ ಹೆಚ್ಚು ನಂಬಿದಳು. ಬೆರಳು ಸುಳ್ಳು ಹೇಳಿರಲಿಲ್ಲ. ಗೂಡುಗಳು ತುಂಬಿದ್ದವು. ಏನು ತುಂಬಿದೆ ಎಂದು ಬೆರಳು ಹೇಳುವುದು ಹೇಗೆ?

"ಹಿಂದಿನ ಸಲದ್ದು ತರ್ಲಾ?" ಎಂದಳು ಹುಡುಗಿ, ಸಣ್ಣ ದನಿಯಲ್ಲಿ.

"ತಾ."

ಹಿಂದಿನ ಸಲದ್ದರಲ್ಲಿ ಒಂಬತ್ತು ಗೂಡು, ಕೆಸರು. ಅದರ ಹಿಂದಿನದರಲ್ಲಿ ಹನ್ನೊಂದು, ಕೆಸರು. ಪ್ರತಿ ಸೀಸೆಯ ಒಳಗೂ ಪೆನ್ಸಿಲಿನಲ್ಲಿ ಬರೆದ ಚೀಟಿ. ಜಾಗ, ತಾರೀಖು, ಅವಳ ಗುಂಡು ಗುಂಡು ಸಹಿ. ನಾಲ್ಕನೆಯದನ್ನು ಬಿಚ್ಚುವಾಗ ಹುಳದಕ್ಕ, "ಇದು ನಂಗೆ ಚೆನ್ನಾಗಿ ನೆನಪಿದೆ, ಅವತ್ತು ನೀರು ಕನ್ನಡಿ ಹಾಗಿತ್ತು" ಎಂದಳು. ಕೆಸರು. ಐದನೆಯದರಲ್ಲೂ ಕೆಸರೇ.

ಅಷ್ಟು ಹೊತ್ತಿಗೆ ಸುದ್ದಿ ತಿಳಿದು ದೊಡ್ಡ ಸಾಹೇಬರೇ ಮೆಟ್ಟಿಲು ಹತ್ತಿ ಬಂದರು. ಅವರು ಕೆಟ್ಟವರೇನಲ್ಲ. ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದವರಿಗೆ ಕೆಟ್ಟವರಾಗುವ ಅಗತ್ಯ ಬೀಳುವುದಿಲ್ಲ. ಕುರ್ಚಿ ಎಳೆದುಕೊಂಡು, ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು.

"ಐದೂ ಹೋಯ್ತಾ?"

"ಹೋಯ್ತು ಸಾರ್," ಎಂದಳು ಹುಡುಗಿ.

"ಪಂಪು ನಿಲ್ಲಿಸಿ ಸಾರ್," ಎಂದಳು ಹುಳದಕ್ಕ. "ಎರಡೂವರೆ ವರ್ಷದಿಂದ ಅಲ್ಲಿ ಒಂದು ಹುಳ ಇಲ್ಲ. ಏನೋ ಬರ್ತಾ ಇದೆ ಮೇಲಿಂದ."

"ಅಕ್ಕ, ಸಮಾಧಾನ. ಅಲ್ಲಿ ಹುಳ ಇಲ್ಲ ಅಂತ ಯಾರು ಹೇಳಿದ್ರು? ಈ ಐದು ಸೀಸೇಲಿ ಎಣಿಕೆ ತಪ್ಪಿದೆ ಅಂತ ಗೊತ್ತಾಯ್ತು, ಅಷ್ಟೇ. ಎಣಿಕೆ ತಪ್ಪಿದ ಮಾದರಿ ಅಸಿಂಧು. ಅಸಿಂಧು ಅಂದ್ರೆ ಆ ಸಲ ನಾವು ಹೊಳೆಗೆ ಹೋಗೇ ಇಲ್ಲ ಅಂತ ಲೆಕ್ಕ."

"ನಾನು ಹೋಗಿದ್ದೆ ಸಾರ್. ಮೊಳಕಾಲುದ್ದ ನೀರಲ್ಲಿ ನಿಂತಿದ್ದೆ."

"ಕಾಗದದ ಮೇಲೆ ಹೋಗಿಲ್ಲ. ಹಾಗಾಗಿ ಕೊನೇ ಸಿಂಧುವಾದ ವರದಿ ಯಾವುದೋ ಅದು ಜಾರೀಲಿರತ್ತೆ. ಅದು ಆರನೇದು." ಆರನೆಯದು ಎಂದರೆ ಪಂಪಿಗೆ ಒಪ್ಪಿಗೆ ಕೊಟ್ಟ ವರದಿ. ಅವರು ಅದರ ಸೀಸೆಯನ್ನು ಕಪಾಟಿನಿಂದ ತಾವೇ ತೆಗೆದು ಮೇಜಿನ ಮೇಲಿಟ್ಟರು. "ಇದ್ರಲ್ಲೂ ಏನೂ ಇಲ್ದಿದ್ರೆ ಆ ಜಾಗಕ್ಕೆ ದರ್ಜೆನೇ ಇಲ್ಲ. ಇವತ್ತೇ ಪಂಪು ನಿಲ್ಲಿಸ್ತೀನಿ, ನನಗೂ ಮಕ್ಕಳಿದಾರೆ. ಒಂದೇ ಒಂದು ಹುಳ ಇದ್ರೂ ವರದಿ ನಿಲ್ಲತ್ತೆ. ನೋಡಿ ಹೇಳಿ."

ಅವರು ಇಳಿದು ಹೋದ ಮೇಲೆ ಹುಳದಕ್ಕನಿಗೆ ಏನು ಬೇಡಿಕೊಳ್ಳಬೇಕು ಎಂದು ತಿಳಿಯಲಿಲ್ಲ. ಹುಳ ಇದ್ದರೆ, ತಂಗಿಗೆ ಅವತ್ತು ಹೇಳಿದ ಮಾತು ಸುಳ್ಳಲ್ಲ. ಆದರೆ ಪಂಪು ನಡೆಯುತ್ತದೆ, ಇವತ್ತು ಸಂಜೆಯೂ ಆ ನೀರು ಆ ಮನೆಗೆ ಹೋಗುತ್ತದೆ. ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಆದರೆ ಮೊದಲ ದಿನದಿಂದಲೂ ಒಂದು ಇಡೀ ಬಡಾವಣೆಗೆ ಸತ್ತ ಹೊಳೆಯನ್ನು ಕುಡಿಸಿದವಳು ತಾನು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಸೀಸೆಯ ಮುಚ್ಚಳ ತಿರುಗಿಸುವಾಗ, ಒಳಗೆ ಯಾರೂ ಇಲ್ಲದಿರಲಿ ಎಂದುಕೊಂಡಳು.

ಹನ್ನೆರಡು ಗೂಡು. ಹುಡುಗಿ ಒಂದೊಂದಾಗಿ ಸೀಳಿದಳು. ಹನ್ನೊಂದರಲ್ಲಿ ಕೆಸರು. ಹನ್ನೆರಡನೆಯದು ಬಿಚ್ಚಿಕೊಂಡಾಗ ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ಇದೆ! ಅಕ್ಕ, ಇದೆ! ತಲೆ, ಕಾಲು, ಎಲ್ಲ ಇದೆ! ನಿಮ್ಮ ವರದಿ ಸರಿ ಅಕ್ಕ!"

ಪಾಪ, ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಬೆಳಿಗ್ಗೆಯಿಂದ ಒಬ್ಬ ಹಿರಿಯ ಹೆಂಗಸಿನ ಮನೆ ಕೆಡವುತ್ತಾ ಕೂತವಳಿಗೆ ಕೊನೆಗೊಂದು ಗೋಡೆ ನಿಂತದ್ದು ಸಿಕ್ಕಿತ್ತು.

ಹುಳದಕ್ಕ ಎಡಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿದಳು. ಎಡಗಣ್ಣು ಇನ್ನೂ ಚೆನ್ನಾಗಿತ್ತು. ಹುಳ ಇತ್ತು. ಆದರೆ ಬಣ್ಣ ಸರಿಯಿರಲಿಲ್ಲ.

"ಇದರ ಹಿಂದಿನದು ತಾ. ಏಳನೇದು."

"ಅದು ಬೇಕಿಲ್ಲ ಅಕ್ಕ, ಒಂದು ಸಾಕು ಅಂದ್ರಲ್ಲ ಸಾಹೇಬ್ರು."

"ತಾ ಅಂದೆ."

ಏಳನೆಯ ಸೀಸೆಯಲ್ಲಿ ಎಲ್ಲರೂ ಇದ್ದರು. ಹದಿನೇಳು ಗೂಡು, ಹದಿನೇಳು ಹುಳ. ಬೆಣ್ಣೆಯ ಬಣ್ಣದ ಬಿಗಿಯಾದ ಮೈ, ಎದೆಗೆ ಮಡಚಿಕೊಂಡ ಕಾಲು. ಜೀವಂತ ಇರುವಾಗ ಸ್ಪಿರಿಟ್‌ಗೆ ಬಿದ್ದವು ಹಾಗೇ ಇರುತ್ತವೆ, ಹತ್ತು ವರ್ಷ ಕಳೆದರೂ. ಆರನೆಯದರ ಆ ಒಂಟಿ ಹುಳದ ಮೈ ಕಂದಾಗಿತ್ತು, ಹೊಟ್ಟೆ ಜೋತಿತ್ತು. ಮೊದಲೇ ಸತ್ತು, ಗೂಡಿನೊಳಗೆ ನಾಲ್ಕಾರು ದಿನ ಕೊಳೆತು, ಆಮೇಲೆ ಬಲೆಗೆ ಬಿದ್ದದ್ದು ಹಾಗಾಗುತ್ತದೆ. ಸತ್ತ ಹುಳವನ್ನೂ ಎಣಿಸುವಂತಿಲ್ಲ. ಇದು ಪುಸ್ತಕದಲ್ಲಿ ಒಂದು ಸಾಲು. ಬಣ್ಣ ಹೇಗಿರುತ್ತದೆ ಎಂದು ಪುಸ್ತಕ ಹೇಳುವುದಿಲ್ಲ. ಸಾವಿರಾರು ಹುಳ ಕೈಯಲ್ಲಿ ಹಾದುಹೋದವರಿಗೆ ಗೊತ್ತಿರುತ್ತದೆ, ಅಷ್ಟೇ.

"ಇದು ಸತ್ತೇ ಬಂದಿತ್ತು," ಎಂದಳು.

"ಎಲ್ಲವೂ ಸತ್ತೇ ಇವೆಯಲ್ಲ ಅಕ್ಕ, ಸ್ಪಿರಿಟ್‌ನಲ್ಲಿ."

"ನಾವು ಸಾಯಿಸಿದ್ದು ಬೇರೆ, ಹೊಳೆ ಸಾಯಿಸಿದ್ದು ಬೇರೆ. ನೋಡು, ತೋರಿಸ್ತೀನಿ. ನಾವು ಸಾಯಿಸಿದ್ದನ್ನ ಮುಟ್ಟಿದ್ರೆ ಕಾಲು ಸ್ಪ್ರಿಂಗಿನ ಹಾಗೆ ವಾಪಸ್ ಬರತ್ತೆ. ಕೊಳೆತದ್ದು ಕಳಚಿಕೊಳ್ಳತ್ತೆ."

ಏಳನೆಯದರ ಒಂದು ಹುಳದ ಕಾಲನ್ನು ಸೂಜಿಯ ತುದಿಯಿಂದ ಎತ್ತಿ ಬಿಟ್ಟಳು. ಅದು ಎದೆಗೆ ವಾಪಸ್ಸು ಮಡಚಿಕೊಂಡಿತು. ಆಮೇಲೆ ಆರನೆಯದರ ಹುಳವನ್ನು ಮುಟ್ಟಿದಳು. ಮೊದಲು ಒಂದು ಕಾಲು ಬಂತು. ಅದರ ಹಿಂದೆ ಇನ್ನೊಂದು. ಅವಳು ಸೂಜಿ ಹಿಂದಕ್ಕೆ ತೆಗೆಯುವಷ್ಟರಲ್ಲಿ ಹೊಟ್ಟೆ ಬಿರಿದು, ತಲೆ ಬೇರೆಯಾಗಿ, ಸ್ಪಿರಿಟ್‌ನ ಮೇಲೆ ಕಂದು ಚೂರುಗಳು ತೇಲಿದವು.

"ನೋಡಿದ್ಯಾ?" ಎಂದಳು ಹುಳದಕ್ಕ, ಗೆದ್ದವಳ ಹಾಗೆ.

ಹುಡುಗಿ ಚೂರುಗಳನ್ನು ನೋಡುತ್ತಲೇ ಇದ್ದಳು. "ಅಕ್ಕ, ಎಂಥ ಕೆಲಸ ಮಾಡಿದ್ರಿ," ಎಂದಳು.

ಸಾಹೇಬರ ಕೋಣೆಯಲ್ಲಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಅವರು ಹುಡುಗಿಯನ್ನು ಕೇಳಿದರು, "ಹುಳ ಇತ್ತಾ?"

"ಇತ್ತು ಸಾರ್."

"ಕಾಲು ಉದುರಿದ್ದು ನೋಡಿದ್ರಾ?"

"ನೋಡಿದೆ."

"ಯಾಕೆ ಉದುರ್ತು? ಮೊದಲೇ ಸತ್ತಿತ್ತು ಅಂತ ನೀವು ಬರ್ಕೊಡ್ತೀರಾ?"

ಸುಳ್ಳು ಹೇಳುವ ಹುಡುಗಿಯಾಗಿದ್ದರೆ ಚೆನ್ನಾಗಿತ್ತು. "ನಾನು ಅಷ್ಟು ಹುಳ ನೋಡಿಲ್ಲ ಸಾರ್. ಅಕ್ಕ ಹೇಳಿದ್ದು ಸರಿಯೇ ಇರಬಹುದು. ಜೋರಾಗಿ ಮುಟ್ಟಿದ್ರೂ ಉದುರಬಹುದೇನೋ. ನಂಗೊತ್ತಿಲ್ಲ."

"ತಪಾಸಣೆ ಹೊತ್ತಲ್ಲಿ ಮಾದರಿ ಹಾಳಾದ್ರೆ ಮೊದಲು ಬರೆದಿದ್ದೇ ಖಾಯಂ," ಎಂದರು ಸಾಹೇಬರು, ಪುಸ್ತಕ ತೆರೆಯದೆ. "ಮೊದಲು ಬರೆದಿರೋದು, ಇದೆ ಅಂತ. ಬರೆದವರು ನೀವೇ ಅಕ್ಕ."

"ಬರೆದವಳೇ ಹೇಳ್ತಿದೀನಲ್ಲ ಸಾರ್, ತಪ್ಪು ಅಂತ!"

"ನಿಮ್ಮ ಕಣ್ಣು ಸರಿಯಿಲ್ಲ ಅಂತ ಈಗಷ್ಟೇ ಐದು ವರದಿ ಹೊಡೆದು ಹಾಕಿದೀನಿ. ಇನ್ನು ಅದೇ ಕಣ್ಣು ನಂಬಿ ಆರನೇದನ್ನ ಹೇಗೆ ಹೊಡೀಲಿ? ನೀವೇ ಹೇಳಿ."

ಹಾಗಾದರೆ ಇವತ್ತೇ ಹೊಸ ಮಾದರಿ ತೆಗೆಸಿ ಎಂದಳು ಹುಳದಕ್ಕ. ತೆಗೆಸಬಹುದು ಎಂದರು ಅವರು, ಮಳೆ ಮುಗಿದ ಮೇಲೆ. ಅವಳು ಕಣ್ಣಿನ ಚೀಟಿ ತರುವವರೆಗೆ ಎಣಿಸುವಂತಿಲ್ಲ. ಕೇಂದ್ರದಲ್ಲಿ ಹನ್ನೊಂದು ಹೊಳೆಗೆ ಈ ಹುಡುಗಿ ಒಬ್ಬಳೇ. ದರ್ಜೆ ಇಳಿಸಬೇಕಾದರೆ ಒಂದಾದ ಮೇಲೊಂದು ಮೂರು ಸಲ ಕೆಟ್ಟ ಅಂಕ ಬರಬೇಕು. ಹತ್ತಿರ ಹತ್ತಿರ ಒಂದೂವರೆ ವರ್ಷ. ಬಾಟಲಿ ಪರೀಕ್ಷೆಯವರನ್ನು ಕೇಳಿದ್ದಾಯಿತು, ಅವರ ಪ್ರಕಾರ ಹೋದ ಬುಧವಾರದ ನೀರು ಅಮೃತ. "ಅಲ್ಲೀವರೆಗೆ ನೀರು ಪ್ರಥಮ ದರ್ಜೆ," ಎಂದರು ಸಾಹೇಬರು. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ.

ಐದೂವರೆಗೆ ಹುಳದಕ್ಕ ಬಸ್ಸಿನಿಂದ ಇಳಿದು ತಂಗಿಯ ಮನೆಯ ಬಾಗಿಲು ತಟ್ಟಿದಾಗ ಒಳಗೆ ನಲ್ಲಿ ಸುರಿಯುತ್ತಿತ್ತು. ಆ ಬಡಾವಣೆಯಲ್ಲಿ ನೀರು ಬರುವುದು ಸಂಜೆ ಒಂದೇ ಗಂಟೆ. ತಂಗಿ ಸೆರಗು ಸಿಕ್ಕಿಸಿಕೊಂಡು ಬಕೆಟ್ಟು, ಕೊಡ, ಪಾತ್ರೆಗಳ ಮಧ್ಯೆ ಓಡಾಡುತ್ತಿದ್ದಳು. ಹನ್ನೊಂದು ತಿಂಗಳ ಮೊಮ್ಮಗಳು ನೆಲದ ಮೇಲೆ ಕೂತು ಒಂದು ಮುಚ್ಚಳವನ್ನು ಒಸಡಿನಲ್ಲಿ ಕಚ್ಚುತ್ತಿತ್ತು.

"ಬಾ ಅಕ್ಕ, ಏನು ಹೇಳದೆ ಕೇಳದೆ? ಕೂತ್ಕೊ, ಇದೊಂದು ತುಂಬಿಸಿ ಬಂದೆ."

"ಆ ನೀರು ಕುಡೀಬೇಡಿ ಕಣೇ ಇನ್ಮೇಲೆ."

"ಮತ್ತೇನ್ ಕುಡಿಯೋದು, ಗಾಳಿನಾ?"

"ತಮಾಷೆ ಅಲ್ಲ. ಅದ್ರಲ್ಲಿ ಹುಳ ಇಲ್ಲ."

ತಂಗಿ ಬಕೆಟ್ಟು ಹಿಡಿದವಳು ನಿಂತು ನೋಡಿದಳು. "ಹುಳ ಇಲ್ದಿದ್ರೆ ಒಳ್ಳೇದಲ್ವೇನೆ?"

ಮೂವತ್ತೊಂದು ವರ್ಷ ಈ ಕೆಲಸ ಮಾಡಿ, ಒಡಹುಟ್ಟಿದವಳಿಗೆ ಒಂದು ದಿನವೂ ಸರಿಯಾಗಿ ಹೇಳಿರಲಿಲ್ಲ ಎಂದು ಅವಳಿಗೆ ಆಗ ಅರಿವಾಯಿತು. ಈಗ ಹೇಳಿದಳು. ಹುಳ ಬದುಕಿದ್ದರೆ ನೀರು ಚೊಕ್ಕ, ಸತ್ತರೆ ಏನೋ ಸೇರಿದೆ ಅಂತ. ತಾನು ಮೂರು ವರ್ಷ ಎಣಿಸಿದ್ದು ಖಾಲಿ ಗೂಡು ಅಂತ. ಕಣ್ಣು ಕಾಣುತ್ತಿರಲಿಲ್ಲ ಅಂತ.

ತಂಗಿ ಬಕೆಟ್ಟು ಕೆಳಗಿಟ್ಟು, ಒದ್ದೆ ಕೈಯಲ್ಲೇ ಅಕ್ಕನ ಕೈ ಹಿಡಿದುಕೊಂಡಳು.

"ಅಯ್ಯೋ, ಇಷ್ಟಕ್ಕಾ? ನಾವು ಕಾಯಿಸಿ ಕುಡಿಯೋದು."

"ಕಾಯಿಸಿದ್ರೆ ಹೋಗೋದಲ್ಲ ಅದು."

"ಸರಿ, ನಿಂಗೆ ಕಣ್ಣು ಕಾಣಲ್ಲ. ಒಪ್ಕೊಂಡೆ. ಕಣ್ಣು ಕಾಣದವರಿಗೆ ಇರೋದು ಕಾಣ್ದೆ ಹೋಗತ್ತೆ. ಇಲ್ಲದ್ದು ಕಾಣತ್ತೇನೇ ಯಾರಿಗಾದ್ರೂ? ಇರ್ತಾವೆ ಅವು. ಇವತ್ತು ನಿಂಗೆ ಕಂಡಿಲ್ಲ ಅಷ್ಟೇ. ಆಪರೇಷನ್ ಮಾಡಿಸ್ಕೊಂಡು ಹೋಗಿ ನೋಡು, ಒಂದೂ ಬಿಡದೆ ಇರ್ತಾವೆ."

"ಇವತ್ತು ನೋಡಿದ್ದು ನಾನಲ್ಲ, ಬೇರೆ ಹುಡುಗಿ. ಅವಳ ಕಣ್ಣು ಚೆನ್ನಾಗಿದೆ."

"ಯಾವಳೋ ನಿನ್ನೆ ಮೊನ್ನೆ ಬಂದೋಳು. ನಿಂಗಿಂತ ಗೊತ್ತಾ ಅವಳಿಗೆ?" ತಂಗಿಗೆ ಅಕ್ಕನ ಪರವಾಗಿ ಸಿಟ್ಟು ಬಂದಿತ್ತು. "ಹೋಗ್ಲಿ, ನಿಮ್ಮ ಸಾಹೇಬ್ರು ಪಂಪು ನಿಲ್ಲಿಸಿದ್ರಾ?"

"ಇಲ್ಲ."

"ನೋಡಿದ್ಯಾ ಮತ್ತೆ? ಅಷ್ಟು ಓದಿದೋರು, ವಿಷ ಇದ್ರೆ ಬಿಡ್ತಿದ್ರಾ? ನೀನು ಸುಮ್ನೆ ತಲೆ ಕೆಡಿಸ್ಕೊಂಡಿದೀಯ. ಬಿಸಿಲಲ್ಲಿ ಬಂದಿದೀಯ, ಮುಖ ತೊಳ್ಕೊ ಮೊದ್ಲು."

"ನಾನು ಹೇಳ್ತಿದೀನಲ್ಲೇ, ನಾನು."

"ನೀನೇ ತಾನೆ ಕುಡೀರಿ ಅಂದಿದ್ದು?" ಎಂದಳು ತಂಗಿ ನಗುತ್ತಾ, ಚುಚ್ಚುವುದಕ್ಕಲ್ಲ, ಸಮಾಧಾನಕ್ಕೆ. "ನಿನ್ನ ಮಾತಿನ ಮೇಲೆ ಬಂದೋರು ನಾವು. ಒಂದು ದಿನ ಯಾರಿಗೂ ನೆಗಡಿ ಆಗಿಲ್ಲ. ಇನ್ನು ಎಲ್ಲಿಗೆ ಹೋಗೋಣ ಹೇಳು?"

ಎಲ್ಲಿಗೆ ಎಂದು ಹುಳದಕ್ಕ ಯೋಚಿಸಿದಳು. ಪಟ್ಟಿಯಲ್ಲಿದ್ದ ಉಳಿದ ಹದಿನೆಂಟು ಜಾಗಗಳನ್ನು ಒಂದೊಂದಾಗಿ ನೆನೆದಳು. ಕೆಂಪು ಹುಳ, ಜಿಗಣೆ, ಕೆಂಪು ಹುಳ, ಏನೂ ಇಲ್ಲ, ಕೆಂಪು ಹುಳ. ಹೇಳುವಂಥ ಒಂದು ಜಾಗವೂ ಇರಲಿಲ್ಲ.

ಮಗು ಮುಚ್ಚಳ ಬೀಳಿಸಿ ಅಳತೊಡಗಿತು. ತಂಗಿ ಅದನ್ನು ಎತ್ತಿಕೊಂಡು ಒಳಗೆ ಹೋಗುತ್ತಾ ಕೂಗಿ ಹೇಳಿದಳು: "ಅಕ್ಕ, ಆ ಬಕೆಟ್ ತುಂಬ್ತು ನೋಡು, ಇನ್ನೊಂದು ಇಡು. ಆರಕ್ಕೆ ನಿಂತುಹೋಗತ್ತೆ, ಆಮೇಲೆ ನಾಳೆವರೆಗೆ ಒಂದು ತೊಟ್ಟಿಲ್ಲ."

ಆರಕ್ಕೆ ಇನ್ನು ಹತ್ತು ನಿಮಿಷವಿತ್ತು. ಬಕೆಟ್ಟು ತುಂಬಿ, ನೀರು ಅಂಚು ಮೀರಿ, ನೆಲದ ಮೇಲೆ ಹರಿದು ಹುಳದಕ್ಕನ ಪಾದದ ಹತ್ತಿರ ಬಂತು. ಅವಳು ಬಗ್ಗಿ ತುಂಬಿದ ಬಕೆಟ್ಟನ್ನು ಪಕ್ಕಕ್ಕೆ ಎಳೆದಳು. ಖಾಲಿಯದನ್ನು ನಲ್ಲಿಯ ಕೆಳಗೆ ಇಟ್ಟಳು.